ಡಬ್ಬಿ ತೆರೆದು ಬರೆದದ್ದು

ತೊರವಿ ರಸ್ತೆಯಲ್ಲಿ ಒಂದು ಟೈರ್ ಅಂಗಡಿ ಇದೆ. ಅದರ ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಮೊದಲ ದಿನ ಹತ್ತಕ್ಕೆ ಬರಲು ಹೇಳಿದ್ದರು, ಹತ್ತಕ್ಕೆ ಹೋದೆ. ಬಾಗಿಲಿಗೆ ಕೀಲಿ ಹಾಕಿತ್ತು. ಟೈರ್ ಅಂಗಡಿಯವನು ಕೂರಲು ಸ್ಟೂಲ್ ತಂದಿಟ್ಟ. ನಾನು ನಿಂತೇ ಕಾದೆ. ಕಂಪನಿಯ ಒಡೆಯ ಹನ್ನೊಂದರ ಹೊತ್ತಿಗೆ ಬೈಕಿನಲ್ಲಿ ಬಂದ.

"ಮೇಡಂ, ಇಷ್ಟ ಲಗೂ ಬಂದ್ರೇನ್ರಿ?"

"ಲಗೂ ಬಂದಿಲ್ಲಪಾ. ಹೇಳಿದ ಟೈಮಿಗೆ ಬಂದೀನಿ. ನಾಳಿಂದ ಒಂದು ಕೀಲಿ ನನ್ನ ಕೈಯಾಗ ಕೊಡು."

ಕೊಟ್ಟ. ಅವನು ಒಂದು ಕಾಲಕ್ಕೆ ನಮ್ಮ ಕಾಲೇಜಿನ ವಿದ್ಯಾರ್ಥಿ. ವಾಚನಾಲಯದಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಾಗಿ ದಿನಾ ಜಗಳ ತೆಗೆಯುತ್ತಿದ್ದವನು. ನಾನು ಅಲ್ಲಿ ಗ್ರಂಥಪಾಲಕಿಯಾಗಿ ಇಡೀ ನೌಕರಿ ಮುಗಿಸಿ, ನಿವೃತ್ತಳಾಗಿ, ಮನೆಯಲ್ಲಿ ಮಸಾಲೆ ಡಬ್ಬಿಗಳಿಗೂ ಚೀಟಿ ಅಂಟಿಸಿ ಮುಗಿಸಿದ್ದೆ. ಅಷ್ಟರಲ್ಲಿ ಅವನು ಮನೆಗೆ ಬಂದು ಕೆಲಸಕ್ಕೆ ಕರೆದ. ನನ್ನ ಯಜಮಾನರು ಒಳಗಿನಿಂದಲೇ ಹೇಳಿದರು: "ರಿಟೈರ್ ಆದವ್ರು ಕಾಶಿಗೆ ಹೋಗ್ತಾರ. ಇಕಿ ಟೈರ್ ಅಂಗಡಿ ಮ್ಯಾಲ ಹೊಂಟಾಳ." ನಾನು ಅಂದೇ ಒಪ್ಪಿಕೊಂಡೆ.

ಕಂಪನಿಯ ಕೆಲಸ ಇಷ್ಟೇ. ಹನಿ ನೀರಾವರಿಯ ಪೈಪು, ಫಿಲ್ಟರು, ಪಂಪಿನ ಬಿಡಿಭಾಗ ಮಾರುವ ಅಂಗಡಿಗಳು ವಿಜಯಪುರದಲ್ಲಿವೆ, ತಿಕೋಟಾದಲ್ಲಿವೆ, ಬಬಲೇಶ್ವರದಲ್ಲಿವೆ. ಯಾವ ಸಾಮಾನು ಯಾವ ಅಂಗಡಿಯಲ್ಲಿದೆ ಎಂದು ರೈತನ ಮೊಬೈಲಿನಲ್ಲಿ ಕಾಣಬೇಕು. ಮಮದಾಪುರದ ಒಬ್ಬ ರೈತ ಒಂದು ವಾಶರಿಗಾಗಿ ಬಸ್ ಹತ್ತಿ ವಿಜಯಪುರಕ್ಕೆ ಬಂದು ಬರಿಗೈಯಲ್ಲಿ ತಿರುಗಿ ಹೋಗಬಾರದು. ವಿಚಾರ ನನಗೆ ಹಿಡಿಸಿತು. ಓದುಗ ಬಂದು ಕೇಳುತ್ತಾನೆ, ಪುಸ್ತಕ ಎಲ್ಲಿದೆ ಎಂದು ನಾವು ಹೇಳುತ್ತೇವೆ. ಅದೇ ಕೆಲಸ, ಪುಸ್ತಕದ ಬದಲು ಪೈಪು.

ನನ್ನ ಮೇಜಿನ ಮೇಲೆ 'ಡೇಟಾ ಎಂಟ್ರಿ' ಎಂದು ಕಾರ್ಡು ಇಟ್ಟಿದ್ದರು. ಅದನ್ನು ತಿರುಗಿಸಿ ಹಿಂಬದಿಯಲ್ಲಿ 'ಕ್ಯಾಟಲಾಗ್' ಎಂದು ಬರೆದೆ.

"ಎರಡೂ ಒಂದ ಅಲ್ರಿ ಮೇಡಂ?" ಅಂದ ಒಡೆಯ.

"ಒಂದಲ್ಲ. ಕೊಟ್ಟದ್ದನ್ನ ಕೊಟ್ಟಂಗ ಬರದ್ರ ಅದು ಎಂಟ್ರಿ. ಕೊಟ್ಟದ್ದು ಖರೇ ಐತೇನು ಅಂತ ನೋಡಿ, ಇದು ಏನು, ಇದರ ಜಾಗ ಯಾವುದು, ಮಂದಿ ಇದನ್ನ ಏನೇನಂತ ಕೇಳ್ಕೋತ ಬರ್ತಾರ ಅಂತ ವಿಚಾರ ಮಾಡಿ ಬರದ್ರ ಅದು ಕ್ಯಾಟಲಾಗು."

"ಆ ವಿಚಾರ ಎಲ್ಲಾ ಈಗ ಮಶೀನ್ ಮಾಡತೈತ್ರಿ. ನೀವು ಬರೇ ಕಣ್ಣಾಡಿಸಿದ್ರ ಸಾಕು."

ಅವನ ಹುಡುಗರು ದೀಪಾವಳಿಗೆ ಮುಂಚೆ ಎಲ್ಲ ಅಂಗಡಿಗಳಿಗೆ ಹೋಗಿ ಕಪಾಟಿನ ಖಣ ಖಣದ ಫೋಟೋ ತೆಗೆದುಕೊಂಡು ಬಂದಿದ್ದರು. ಮಶೀನು ಆ ಫೋಟೋ ನೋಡಿ, ಡಬ್ಬಿಯ ಮೇಲಿನ ಅಕ್ಷರ ಓದಿ, ಅಂಗಡಿಕಾರ ಹೇಳಿದ್ದನ್ನು ಕೇಳಿಸಿಕೊಂಡು, ಸಾಮಾನಿನ ಹೆಸರು ಬರೆದಿತ್ತು. ನೋಡಲು ಅಚ್ಚುಕಟ್ಟಾಗಿತ್ತು. ಮಶೀನಿನ ವೇಗವನ್ನು ನಾನು ಹಗುರ ಮಾಡಿ ಮಾತಾಡುವುದಿಲ್ಲ. ನಾನು ಒಂದು ಖಣ ಬರೆಯುವುದರೊಳಗೆ ಅದು ಇಡೀ ಅಂಗಡಿ ಬರೆಯುತ್ತದೆ. ನಾನು ಕೇಳಿದ್ದು ಒಂದೇ ಪ್ರಶ್ನೆ.

"ಡಬ್ಬಿ ತೆರೆದು ನೋಡಿದ್ರೇನು?"

"ತೆರಿಯೂದು ಯಾಕ್ರಿ? ಮ್ಯಾಲ ಬರದೈತಲ್ಲ."

ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನ ಹೇಳಿದ್ದು ಹೊದಿಕೆ ನೋಡಿ ಬರೆಯಬೇಡ, ಒಳಗಿನ ಪುಟ ತೆರೆದು ಬರೆ ಎಂದು. ಹೊದಿಕೆಯನ್ನು ಕಟ್ಟುವವನು ಬೇರೆ. ನಮ್ಮಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಹಾಕಲು ಊರೊಳಗಿನ ಬೈಂಡರ್ ಒಬ್ಬರಿಗೆ ಕೊಡುತ್ತಿದ್ದೆವು. ಒಮ್ಮೆ ಅವರು ರಸಾಯನಶಾಸ್ತ್ರದ ಬೆನ್ನಿಗೆ ವ್ಯಾಕರಣದ ಹೆಸರು ಹೊಡೆದು ಕಳಿಸಿದ್ದರು. ಹೊದಿಕೆ ನಂಬಿದ್ದರೆ ಆ ಪುಸ್ತಕ ಇವತ್ತಿಗೂ ವ್ಯಾಕರಣದ ಕಪಾಟಿನಲ್ಲಿ ಕೂತಿರುತ್ತಿತ್ತು, ಕೇಳಿದವರಿಗೆ ಇಲ್ಲ ಎನ್ನುತ್ತಿದ್ದೆವು. ವಸ್ತು ಕೈಗೆ ಬರದೆ ನಾನು ಒಂದು ಸಾಲೂ ಬರೆದವಳಲ್ಲ. ಟೈರ್ ಅಂಗಡಿಯ ಮೇಲೆ ಕೂತ ಮಾತ್ರಕ್ಕೆ ಅದನ್ನು ಬಿಡುವ ಕಾರಣ ಕಾಣಲಿಲ್ಲ.

ಒಡೆಯ ನಕ್ಕ. ಮುದುಕಿಯ ಹಟ ಅಂದುಕೊಂಡಿರಬೇಕು. ಕೆಲವೇ ದಿನಗಳಲ್ಲಿ ತಿಕೋಟಾದ ದ್ರಾಕ್ಷಿ ಬೆಳೆಗಾರನೊಬ್ಬ ಮೆಟ್ಟಿಲು ಹತ್ತಿ ಬಂದು, ಹಿಡಿ ತುಂಬ ಕಬ್ಬಿಣದ ವಾಶರುಗಳನ್ನು ನನ್ನ ಮೇಜಿನ ಮೇಲೆ ಸುರಿದ.

"ಇವೇನ್ರಿ ಅಕ್ಕಾರ?"

"ವಾಶರು."

"ನಿಮ್ಮ ಮೊಬೈಲಿನ್ಯಾಗ ಇವಕ್ಕ ಫಿಲ್ಟರ್ ಸೀಲ್ ಅಂತಾರೇನ್ರಿ?"

ಅವನ ತೋಟದಲ್ಲಿ ಬಳ್ಳಿಗೆ ಕತ್ತರಿ ಹಾಕಿ ಮುಗಿದಿತ್ತು. ಚಿಗುರೊಡೆಯುವ ಹೊತ್ತಿನಲ್ಲಿ ನೀರು ತಪ್ಪುವಂತಿಲ್ಲ. ಫಿಲ್ಟರಿನ ಮುಚ್ಚಳದ ರಬ್ಬರ್ ರಿಂಗ್ ಹರಿದು ನೀರೆಲ್ಲ ಅಲ್ಲೇ ಚಿಮ್ಮುತ್ತಿತ್ತು. ಫಿಲ್ಟರ್ ಸೀಲ್ ಬಬಲೇಶ್ವರದ ಅಂಗಡಿಯಲ್ಲಿದೆ ಎಂದು ನಮ್ಮ ಮೊಬೈಲು ಹೇಳಿತು. ಅಷ್ಟು ದೂರ ಬೈಕಿನಲ್ಲಿ ಹೋದ. ಅಂಗಡಿಕಾರ ಫೋಟೋದಲ್ಲಿದ್ದ ಡಬ್ಬಿಯನ್ನೇ ಕೆಳಗಿಳಿಸಿದ. ಒಳಗೆ ವಾಶರು.

"ಅಂವ ಏನಂದ ಗೊತ್ತೈತೇನ್ರಿ? ಬಂದೀಯಲ್ಲ, ಇವನ್ನರ ಒಯ್ಯಿ ಅಂದ. ಒಯ್ದೆ. ನಿಮಗ ತೋರಸಾಕ."

ನಾನು ಅವನಿಗೆ ನೀರು ಕೊಟ್ಟು ಮರುದಿನ ಬೆಳಿಗ್ಗೆಯ ಬಸ್ಸಿಗೆ ಬಬಲೇಶ್ವರಕ್ಕೆ ಹೋದೆ. ಚೀಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಅಳತೆಪಟ್ಟಿ ಮತ್ತು ಅಳಿಯನಿಂದ ಇಸಿದುಕೊಂಡ, ಸಣ್ಣ ಸಾಮಾನಿನ ಒಳ-ಹೊರ ಅಳತೆ ಹಿಡಿಯುವ ಒಂದು ಕ್ಯಾಲಿಪರ್.

ಅಂಗಡಿ ಬಸ್ ನಿಲ್ದಾಣದ ಹತ್ತಿರವೇ. ಅಂಗಡಿಕಾರ ನನ್ನ ವಾರಿಗೆಯವನೇ, ಮಾತು ಮಾತ್ರ ಚೂಪು. ನಾನು ಯಾರೆಂದು ಹೇಳಿದೆ.

"ಲೈಬ್ರರಿ ಅಕ್ಕಾರು ಅನ್ರಿ. ಇಲ್ಲಿ ಓದಾಕ ಏನೂ ಇಲ್ರಿ, ಒಂದು ಹಳೇ ಪೇಪರ್ ಐತಿ. ಅದನ್ನೂ ಮೊಳಿ ಕಟ್ಟಾಕ ಇಟ್ಟೀನಿ."

"ಓದಾಕ ಬಂದಿಲ್ಲ. ನಿಮ್ಮ ಡಬ್ಬಿ ತೆರಸಾಕ ಬಂದೀನಿ."

ಗೋಡೆ ತುಂಬ ಖಣಗಳು, ಖಣ ತುಂಬ ಡಬ್ಬಿಗಳು. ಬಿಸ್ಕೀಟಿನವು, ಚಹಾಪುಡಿಯವು, ಮಿಠಾಯಿಯವು, ಹತ್ತಾರು ಪಂಪ್ ಕಂಪನಿಗಳವು. ಒಂದೊಂದಾಗಿ ಇಳಿಸಿದೆವು. ಫಿಲ್ಟರ್ ಕಂಪನಿಯ ಡಬ್ಬಿಯಲ್ಲಿ ವಾಶರು. ಪೇಢೆಯ ಡಬ್ಬಿಯಲ್ಲಿ ಫಿಲ್ಟರಿನ ಸೀಲು. ಬೇರಿಂಗಿನ ಡಬ್ಬಿಯಲ್ಲಿ ಊದುಬತ್ತಿ.

"ಫೋಟೋ ತಗದಾಗ ಸೀಲು ಇದರಾಗ ಇದ್ವಲ್ಲ?" ಎಂದು ಕೇಳಿದೆ.

"ಇದ್ವು. ಆಮ್ಯಾಲ ದೀಪಾವಳಿ ಬರಲಿಲ್ಲೇನ್ರಿ?"

ಅದೇ ಉತ್ತರ. ಲಕ್ಷ್ಮೀಪೂಜೆಗೆ ಮುಂಚೆ ಪ್ರತಿ ಅಂಗಡಿಯಲ್ಲೂ ಸಾಮಾನೆಲ್ಲ ಹೊರಗೆ ಬರುತ್ತದೆ. ಖಣ ಒರೆಸಿ, ಡಬ್ಬಿ ಝಾಡಿಸಿ, ಸುಣ್ಣ ಬಳಿದು ಮತ್ತೆ ತುಂಬುತ್ತಾರೆ. ಚಂದ ಕಾಣುವ ಡಬ್ಬಿ ಮುಂದಿನ ಸಾಲಿಗೆ, ಕೈಗೆ ಸಿಕ್ಕ ಸಾಮಾನು ಸಿಕ್ಕ ಡಬ್ಬಿಗೆ. ವರ್ಷಕ್ಕೊಮ್ಮೆ ಜಾಗ ಬದಲಾದರೂ ದಿನಾ ಹೋಗುವ ಸಾಮಾನಿನ ಹೊಸ ಜಾಗ ಎರಡು ದಿನದಲ್ಲಿ ಅಂಗಡಿಕಾರನ ಕೈಗೆ ರೂಢಿಯಾಗುತ್ತದೆ; ಸೀಲಿನಂಥ ಅಪರೂಪದ್ದು ಎಲ್ಲಿ ಹೋಯಿತೆಂದು ಅವನಿಗೂ ನೆನಪಿರುವುದಿಲ್ಲ. ಮೊಬೈಲಿಗೆ ಮಾತ್ರ ಹಬ್ಬ ಗೊತ್ತಿರಲಿಲ್ಲ. ಗೊತ್ತಿದ್ದ ನಮ್ಮ ಹುಡುಗರು, ತಮ್ಮ ಮನೆಯ ಅಟ್ಟದ ಸಾಮಾನನ್ನು ತಾವೇ ಇಳಿಸಿದವರು, ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಂದು ಸಂಜೆಯ ಬಸ್ಸಿನ ತನಕ ಬರೆದೆ. ಡಬ್ಬಿಯನ್ನು ಬಿಟ್ಟೆ. ವಸ್ತು ಯಾವುದರಿಂದ ಮಾಡಿದ್ದು, ಒಳ ಅಳತೆ ಎಷ್ಟು, ಹೊರ ಅಳತೆ ಎಷ್ಟು, ಎಲ್ಲಿ ಕೂಡುತ್ತದೆ, ಇಷ್ಟೇ. ಮರುದಿನ ತಿಕೋಟಾದ ಅಂಗಡಿಗೆ ಹೋದೆ. ಅಲ್ಲಿ ಒಂದು ಕಪ್ಪು ರಿಂಗನ್ನು ಕೈಯಲ್ಲಿ ಹಿಡಿದಾಗ ಅಳತೆ ನೋಡುವ ಮೊದಲೇ ಗೊತ್ತಾಯಿತು. ಕ್ಯಾಲಿಪರ್ ಹಚ್ಚಿದೆ. ಬಬಲೇಶ್ವರದ ಪೇಢೆ ಡಬ್ಬಿಯಲ್ಲಿದ್ದ ಸೀಲು ಇದೇ. ತಿಕೋಟಾದವರು ಇದನ್ನು 'ರಬ್ಬರ್ ರಿಂಗ್' ಎಂದು ಬರೆಸಿದ್ದರು. ವಿಜಯಪುರದ ದೊಡ್ಡ ಅಂಗಡಿಯವರು 'ಗ್ಯಾಸ್ಕೆಟ್' ಎಂದು ಬರೆಸಿದ್ದರು. ಒಂದೇ ವಸ್ತು ಮೊಬೈಲಿನಲ್ಲಿ ಮೂರು ವಸ್ತುವಾಗಿ ಕೂತಿತ್ತು. ಆ ದ್ರಾಕ್ಷಿ ಬೆಳೆಗಾರ ತನ್ನ ಊರಿನ ಅಂಗಡಿಯ ಮುಂದೆಯೇ ಹಾಯ್ದು ಬಬಲೇಶ್ವರಕ್ಕೆ ಹೋಗಿದ್ದ.

ಗ್ರಂಥಾಲಯದಲ್ಲಿ ಇದಕ್ಕೆ ಹಳೆಯ ಮದ್ದು ಇದೆ. ಒಂದು ವಸ್ತುವಿಗೆ ಒಂದೇ ನಮೂದು. ಜನ ಕರೆಯುವ ಉಳಿದ ಹೆಸರುಗಳಿಗೆಲ್ಲ ಒಂದೊಂದು ಕಾರ್ಡು, ಅದರ ಮೇಲೆ 'ಇದನ್ನು ನೋಡಿ' ಎಂದು ಬೆರಳು ತೋರಿಸುವ ಸಾಲು. ಯಾವ ಹೆಸರು ಹಿಡಿದು ಬಂದರೂ ಮನುಷ್ಯ ಅದೇ ಕಪಾಟಿಗೆ ತಲುಪಬೇಕು. ಅದನ್ನೇ ಕಂಪ್ಯೂಟರಿನಲ್ಲಿ ಮಾಡಿದೆ. ಒಡೆಯ ಹಿಂದೆ ನಿಂತು ನೋಡುತ್ತಿದ್ದ. ಬುದ್ಧಿವಂತ, ಬೇಗ ತಿಳಿದುಕೊಂಡ. ಹುಡುಗರಿಗೆ ಹೇಳಿ, ಇನ್ನು ಮುಂದೆ ಸಾಮಾನನ್ನು ಡಬ್ಬಿಯಿಂದ ಹೊರಗಿಟ್ಟು ಅಳತೆಪಟ್ಟಿಯ ಪಕ್ಕದಲ್ಲೇ ಫೋಟೋ ತೆಗೆಯುವಂತೆ ಮಾಡಿದ. ಅಳತೆ ಓದುವ ಕೆಲಸ ಮಶೀನಿಗೆ, ಇದು ಅದೇ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಕೆಲಸ ನನಗೆ. ನನ್ನ ನಿಧಾನ ಅರ್ಧ ಕಡಿಮೆಯಾಯಿತು. ಇಲ್ಲಿಗೆ ನನ್ನ ಹಟ ಗೆದ್ದಿತು ಎಂದುಕೊಂಡಿದ್ದೆ.

ಅಂಗಡಿಕಾರರನ್ನು ಕರೆಸಿ ತೋರಿಸಿದ ದಿನ ತಿಳಿಯಿತು, ಕಷ್ಟ ಬೇರೆ ಕಡೆ ಇತ್ತೆಂದು.

ಮೂರೂ ಕಡೆಯವರು ಬಂದಿದ್ದರು. ಚಹಾ ಆಯಿತು. ಒಡೆಯ ಗೋಡೆಯ ಮೇಲಿನ ಪರದೆಯಲ್ಲಿ 'ರಬ್ಬರ್ ರಿಂಗ್' ಎಂದು ಹೊಡೆದ. ಒಂದೇ ನಮೂದು ಬಂತು. ಕೆಳಗೆ ಮೂರು ಊರಿನ ಅಂಗಡಿಗಳು, ಯಾರಲ್ಲಿ ಎಷ್ಟಿವೆ ಎಂಬುದರೊಂದಿಗೆ. ನಾನು ಮೆಚ್ಚುಗೆಗೆ ಕಾದಿದ್ದೆ ಎಂದು ಹೇಳಲು ನಾಚಿಕೆಯಿಲ್ಲ.

ಬಬಲೇಶ್ವರದವನು ಚಹಾದ ಕಪ್ಪು ಕೆಳಗಿಟ್ಟ. "ಅಂದ್ರ ನನ್ನ ಗಿರಾಕಿ ಇದನ್ನ ನೋಡಿ ತಿಕೋಟಾಕ್ಕ ಹೋಗ್ತಾನ?"

"ತಿಕೋಟಾದಾಂವ ಇದ್ರ ಹೋಗ್ತಾನ," ಎಂದೆ. "ಬಬಲೇಶ್ವರದಾಂವ ನಿಮ್ಮ ಕಡೆ ಬರ್ತಾನ."

"ಬರೂದು ಆಮ್ಯಾಲ ನೋಡೂಣಂತ. ಹೋಗೂದು ಈಗ ಕಾಣಾಕತ್ತೈತಿ."

ವಿಜಯಪುರದ ದೊಡ್ಡ ಅಂಗಡಿಯವನು ನಕ್ಕ. "ಮೊದಲಿಂದ ಚೊಲೊ ಇತ್ತಲ್ರಿ. ಯಾರ ಕಡೆ ಏನೈತಿ ಅಂತ ಯಾರಿಗೂ ತಿಳೀತಿರಲಿಲ್ಲ."

ಎಲ್ಲರೂ ನಕ್ಕರು. ಅವರು ಇಳಿದು ಹೋದ ಮೇಲೆ ಒಡೆಯ ಕುರ್ಚಿ ಎಳೆದುಕೊಂಡು ನನ್ನ ಮೇಜಿನ ಎದುರು ಕೂತ.

"ಮೇಡಂ, ಸದ್ಯಕ್ಕ ಆ ರಿಂಗಿಗೆ ಮೊದಲಿನಂಗ ಮೂರು ನಮೂದು ಮಾಡಿಬಿಡ್ರಿ. ಅವರವರ ಹೆಸರಿಲೆ ಅವರವರದು ಇರಲಿ. ಇವ್ರು ಬಿಟ್ಟು ಹೋದ್ರ ಕಂಪನಿ ಬಾಗಿಲಾ ಹಾಕಬೇಕಾಗತೈತಿ."

"ಗೊತ್ತಿಲ್ಲದ ತಪ್ಪಿದ್ದದ್ದು ಬ್ಯಾರೆ. ಈಗ ಒಂದೇ ಅಂತ ಗೊತ್ತಾಗೇತಿ. ಗೊತ್ತಿದ್ದೂ ಮೂರು ಅಂತ ಬರೀಬೇಕಂತೀಯಾ?"

"ಸುಳ್ಳು ಬರೀರಿ ಅನ್ನಾಕತ್ತಿಲ್ರಿ. ಕೂಡಸಬ್ಯಾಡ್ರಿ ಅನ್ನಾಕತ್ತೀನಿ, ಅಷ್ಟ."

ನಾನು ಅವನಿಗೆ ನಮ್ಮ ಕಾಲೇಜಿನ ಒಂದು ಕಪಾಟಿನ ವಿಷಯ ಹೇಳಿದೆ. ಒಂದು ವಿಭಾಗದ ಮುಖ್ಯಸ್ಥರು ತಮ್ಮ ವಿಷಯದ ಹೊಸ ಪುಸ್ತಕಗಳನ್ನೆಲ್ಲ ತಮ್ಮ ಕೋಣೆಯ ಕಪಾಟಿಗೆ ಒಯ್ದು ಬೀಗ ಹಾಕಿಕೊಂಡಿದ್ದರು. ಪುಸ್ತಕ ಅಲ್ಲೇ ಇರಲಿ, ನಾನು ತಕರಾರು ಮಾಡುವುದಿಲ್ಲ ಎಂದೆ. ಆದರೆ ಕ್ಯಾಟಲಾಗಿನ ಡ್ರಾವರಿನಲ್ಲಿ ಪ್ರತಿ ಪುಸ್ತಕದ ಕಾರ್ಡು ಇಟ್ಟೆ, ಕಾರ್ಡಿನ ಮೇಲೆ ಅವರ ಕೋಣೆಯ ಸಂಖ್ಯೆ ಬರೆದೆ. ವಿದ್ಯಾರ್ಥಿಗಳು ಅವರ ಬಾಗಿಲು ಬಡಿಯತೊಡಗಿದರು. ಅವರು ನನ್ನ ಬಳಿ ಬಂದು, ಕಾರ್ಡು ತೆಗಿ ಎಂದರು. ತೆಗೆಯಲಿಲ್ಲ. ಪ್ರಾಚಾರ್ಯರ ಬಳಿ ದೂರು ಹೋಯಿತು. ಆಗಲೂ ತೆಗೆಯಲಿಲ್ಲ. ಆ ವರ್ಷದ ನನ್ನ ಗೋಪ್ಯ ವರದಿಯಲ್ಲಿ 'ಸಹಕಾರ ಮನೋಭಾವ ಕಡಿಮೆ' ಎಂದು ಬಂತು. ಸರಿಯಾಗಿಯೇ ಬರೆದಿದ್ದರು.

"ಆ ಕಪಾಟಿನ್ಯಾಗಿಂದ ನಾನೂ ಒಂದು ಪುಸ್ತಕ ಒಯ್ದೀನ್ರಿ," ಅಂದ. "ಆದ್ರ ಕಾಲೇಜು ಮುಚ್ಚತಿರಲಿಲ್ಲಲ್ರಿ ಮೇಡಂ. ಇದು ಮುಚ್ಚತೈತಿ."

ಸರ್ಕಾರಿ ಸಂಬಳದ ಮೇಲೆ ಕೂತು ಹಟ ಮಾಡುವುದು ಸುಲಭ, ಅವನು ಕೂತದ್ದು ಬೇರೆ ಜಾಗ. ಆದರೂ ಕಾರ್ಡು ಕಾರ್ಡೇ. ಕ್ಯಾಟಲಾಗು ಇಡುವವನಿಗಾಗಿ ಅಲ್ಲ, ಹುಡುಕಿಕೊಂಡು ಬರುವವನಿಗಾಗಿ. ಬೆರಳು ತೋರಿಸುವ ಕೆಲಸ ಬಿಟ್ಟರೆ ಅದು ಬರೀ ಅಂಗಡಿಕಾರರ ಜಾಹೀರಾತು. ನಾನು ಸೊಂಟದಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟೆ.

"ಮೂರು ಮಾಡೂದಿದ್ರ ನೀನ ಮಾಡು. ನನ್ನ ಕೈಲಿ ಆಗೂದಿಲ್ಲ. ಮಾಡಿದ ದಿನ ಹೇಳು, ನಾ ಬರೂದಿಲ್ಲ."

ಅವನು ಕೀಲಿ ಮುಟ್ಟಲಿಲ್ಲ. ಸಂಜೆ ಹೊರಡುವಾಗ ಕೀಲಿ ಅಲ್ಲೇ ಇತ್ತು. ಬಾಗಿಲು ಹಾಕಬೇಕಲ್ಲ, ತೆಗೆದುಕೊಂಡೆ.

ಬಬಲೇಶ್ವರದವನು ತನ್ನ ಸಾಮಾನನ್ನೆಲ್ಲ ಮೊಬೈಲಿನಿಂದ ತೆಗೆಸಿದ. ತಿಕೋಟಾದವನು ನೋಡೋಣ ಎಂದ. ದೊಡ್ಡ ಅಂಗಡಿಯವನು ಫೋನ್ ಎತ್ತಲಿಲ್ಲ. ನಾನು ದಿನಾ ಹತ್ತಕ್ಕೆ ಹೋಗಿ ಬಾಗಿಲು ತೆರೆದು ಉಳಿದ ಸಣ್ಣ ಅಂಗಡಿಗಳ ನಮೂದು ಮಾಡುತ್ತಿದ್ದೆ. ರಿಂಗ್ ಇನ್ನೂ ಒಂದೇ ಆಗಿತ್ತು. ದಿನಾ ಮೊದಲು ಅದನ್ನೇ ತೆರೆದು ನೋಡುತ್ತಿದ್ದೆ.

ಮನೆಯಲ್ಲಿ ಯಜಮಾನರು, "ಇವತ್ತರ ನಿನ್ನ ತಗದು ಹಾಕಿದ್ರೇನು?" ಎಂದು ಕೇಳುತ್ತಿದ್ದರು.

"ಇನ್ನೂ ಇಲ್ಲ."

"ಮತ್ತ ನಾಳೆ ರೊಟ್ಟಿ ಕಟ್ಟಬೇಕನ್ನು."

ಒಂದು ಬೆಳಿಗ್ಗೆ ನಾನು ಹೋದಾಗ ಒಡೆಯ ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ. ನಾನು ಬಾಗಿಲು ತೆರೆಯುವ ತನಕವೂ ತಡೆಯಲಿಲ್ಲ.

"ಮೇಡಂ, ಲೈಬ್ರರಿ ಕಾರ್ಡು ಇಲ್ಲದಾಂವಗ ಪುಸ್ತಕ ಕೊಡ್ತಿದ್ರೇನ್ರಿ?"

"ಇಲ್ಲ."

"ಹಂಗ ಮಾಡೀನ್ರಿ. ರೈತರು ಎಲ್ಲಾ ನೋಡಬಹುದು. ಅಂಗಡಿಯವ್ರಿಗೆ ಮಾತ್ರ, ತಮ್ಮದು ತೋರಿಸಿದಾಂವಗ ಮಂದೀದು ಕಾಣತೈತಿ. ತೋರಿಸದಾಂವಗ ಕಾಣೂದಿಲ್ಲ. ನಿಮ್ಮ ರಿಂಗು ಮುಟ್ಟಿಲ್ಲ."

ಅದು ಸಾಕಾಗುತ್ತದೆಯೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಕಣ್ಣುಗಳು ಕೆಂಪಾಗಿದ್ದವು. ಚಹಾ ತರಿಸಿದೆ. ನನ್ನ ರೊಟ್ಟಿಯಲ್ಲಿ ಅರ್ಧ ಕೊಟ್ಟೆ.

ಮುಂದಿನ ವಾರ ಬಬಲೇಶ್ವರದಿಂದ ಫೋನ್ ಬಂತು.

"ಲೈಬ್ರರಿ ಅಕ್ಕಾರ, ನಮಸ್ಕಾರ್ರಿ. ನಮ್ಮ ಬೀಗರದು ಮಮದಾಪುರದಾಗ ಪಂಪು ನಿಂತೈತ್ರಿ. ಒಂದು ಬುಶ್ ಬೇಕಾಗೇತಿ. ನನ್ನ ಕಡೆ ಇಲ್ಲ. ಯಾರ ಕಡೆ ಐತಿ, ಜರಾ ನೋಡಿ ಹೇಳ್ರಿ."

"ಮೊಬೈಲಿನ್ಯಾಗ ನೋಡ್ರಲ್ಲ."

"ಅದು ಕಾಣವಲ್ದು."

"ನಿಮ್ಮದು ಕಾಣವಲ್ದು. ಅದಕ್ಕ ಮಂದೀದೂ ಕಾಣವಲ್ದು."

"ಬೀಗರಿಗೆ ಏನ ಹೇಳಲ್ರಿ?"

"ಬೀಗರಿಗೆ ಸ್ವಂತ ಮೊಬೈಲ್ ಐತಲ್ಲ? ರೈತ ಅದಾರ, ಅವರಿಗೆ ಕಾಣತೈತಿ. ಅವರ ನೋಡಿ ನಿಮಗ ಹೇಳ್ತಾರ."

ಅತ್ತ ಕಡೆಯಿಂದ ಒಂದು ದೊಡ್ಡ ಉಸಿರು ಕೇಳಿಸಿತು. ಬೀಗರ ಮುಂದೆ ಅಂಗಡಿಕಾರನ ಮಾನ ಹೋಗುವ ಮಾತದು. ನಾನು ಮೆತ್ತಗಾಗಲಿಲ್ಲ.

"ಎಂಥಾ ಹೆಣಮಗಳ್ರಿ ನೀವು," ಅಂದ. "ಸಂತಿ ಇಲ್ಲದ ದಿನ ಬರ್ರಿ. ಡಬ್ಬಿ ಇಳಸ್ತೀನಿ."

ಆ ಬುಶ್ ತಿಕೋಟಾದಲ್ಲಿತ್ತು, ಅಂದೇ ಮಮದಾಪುರಕ್ಕೆ ಹೋಯಿತು. ನಾನು ಎರಡು ದಿನದ ಮೇಲೆ ಬಬಲೇಶ್ವರಕ್ಕೆ ಹೋದೆ. ಮೊದಲಿನ ನಮೂದುಗಳನ್ನು ಒಂದೊಂದಾಗಿ ತಾಳೆ ನೋಡಿದೆ, ಹೊಸದಾಗಿ ಬಂದ ಸಾಮಾನು ಅಳೆದೆ. ಅವನು ಇಳಿಸುತ್ತ, ನಾನು ಬರೆಯುತ್ತ, ಮಧ್ಯಾಹ್ನದ ಹೊತ್ತಿಗೆ ಗೋಡೆ ಮುಗಿಯಿತು. ಗಿರಾಕಿಗಳು ಬಂದು ನಿಂತು ನಮ್ಮನ್ನು ನೋಡಿ ನಗುತ್ತಿದ್ದರು. ಅವರಿಗೆ ಅವನು, "ಅಕ್ಕಾರು ಅಂಗಡಿ ಓದಾಕತ್ತಾರ," ಎನ್ನುತ್ತಿದ್ದ.

"ಮುಗೀತಲ್ರಿ?" ಎಂದು ಕೈ ಒರೆಸಿಕೊಂಡ.

ದುಡ್ಡಿನ ಗಲ್ಲೆಯ ಕೆಳಗೆ, ಅವನ ಕಾಲ ಹತ್ತಿರ, ಒಂದು ಉದ್ದನೆಯ ತಗಡಿನ ಡಬ್ಬಿ ಇತ್ತು. ನಾನು ನೋಡಿದ್ದನ್ನು ಅವನು ನೋಡಿದ. ಕಾಲಿನಿಂದ ಅದನ್ನು ಮೆಲ್ಲಗೆ ಒಳಗೆ ಸರಿಸಿದ.

"ಅದ್ರಾಗ ಏನೂ ಇಲ್ರಿ. ಖಾಸ ಗಿರಾಕಿಗೆ ಅಂತ ಇಟ್ಟದ್ದು."

"ಏನೂ ಇಲ್ಲಾಂದ್ರ ಬರಿಯೂದು ಲಗೂನ ಆಗತೈತಿ," ಎಂದೆ. ಕ್ಯಾಲಿಪರ್ ತೆರೆದು ಇನ್ನೊಂದು ಕೈ ಚಾಚಿದೆ. "ಇಳಸೂದು ಬ್ಯಾಡ, ಎತ್ತಿ ಕೊಡ್ರಿ ಸಾಕು."

ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ.